ರೇಷ್ಮೆಹುಳುವಿನಲ್ಲಿ ಯೀಸ್ಟಿಗೆ ಮದ್ದಿದೆಯೇ?

ಪ್ರಶ್ನೆ: ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಹುಳುವಿನಿಂದ ಶಿಲೀಂಧ್ರನಾಶಕ ಮಾಡಬಹುದಂತೆ, ನಿಜವೇ?
— ಓದುಗರೊಬ್ಬರು, ನರಸಾಪುರ, ಕೋಲಾರ ಜಿಲ್ಲೆ

ಉತ್ತರ: ನಿಜ, ಆದರೆ ಹುಳುವನ್ನು ಹಾಗೇ ಅರೆದು ಹಚ್ಚುವಂತಿಲ್ಲ.

ರೇಷ್ಮೆ ಸೀಮೆಯಲ್ಲಿ ರಾಶಿ ಬೀಳುವ ಈ ಗೂಡಿನ ಹುಳುವಿನ (ಪ್ಯೂಪಾ) ಹೊರಪೊರೆಯಲ್ಲಿ ಕೈಟಿನ್ ಎಂಬ ಜೈವಿಕ ಪಾಲಿಮರ್ ಇದೆ. ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವುದೂ ಇದೇ. ಫ್ರಾನ್ಸಿನ ವಿಜ್ಞಾನಿ ಆನ್ರಿ ಬ್ರಾಕೊನೊ 1811ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಮಾತ್ರ ಅಣಬೆಯಲ್ಲಿ! ಖನಿಜ, ಪ್ರೋಟೀನುಗಳನ್ನು ತೆಗೆದು ಗಾಢ ಕ್ಷಾರದಲ್ಲಿ ಕಾಯಿಸಿದರೆ ಕೈಟಿನ್ ಕೈಟೊಸಾನ್ ಆಗುತ್ತದೆ.

ಯೀಸ್ಟ್ ಎಂಬ ಶಿಲೀಂಧ್ರವನ್ನು ಕೊಲ್ಲುವುದು ಈ ಕೈಟೊಸಾನಿನ ವಿದ್ಯುದಾವೇಶ. ತುಸು ಹುಳಿ ದ್ರಾವಣದಲ್ಲಿ ಕೈಟೊಸಾನಿನ ಅಮೈನೊ ಗುಂಪುಗಳು ಧನಾವೇಶ ಪಡೆಯುತ್ತವೆ. ಬಾಯಲ್ಲಿ ಬಿಳಿ ಪದರ, ಗುಪ್ತಾಂಗದಲ್ಲಿ ತುರಿಕೆ ತರುವ ಕ್ಯಾಂಡಿಡಾ ಆಲ್ಬಿಕಾನ್ಸ್ ಯೀಸ್ಟಿನ ಹೊರಮೈ ಋಣಾವೇಶದ್ದು. ಎರಡೂ ಅಂಟಿಕೊಂಡಾಗ ಕೋಶಪೊರೆ ಹದಗೆಟ್ಟು ಒಳಗಿನ ದ್ರವ್ಯ ಸೋರಿಹೋಗುತ್ತದೆ.

ಹೊಸ ಶಿಲೀಂಧ್ರನಾಶಕಗಳ ಹುಡುಕಾಟಕ್ಕೆ ಕಾರಣವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಅತಿ ಗಂಭೀರ ಗುಂಪಿನಲ್ಲಿ ಕ್ಯಾಂಡಿಡಾ ಆಲ್ಬಿಕಾನ್ಸ್ ಇದೆ; ಹಲವು ಔಷಧಗಳಿಗೆ ಬಗ್ಗದ ಕ್ಯಾಂಡಿಡಾ ಆರಿಸ್ ಕೂಡ ಇದೆ.

ತೊಡಕೂ ಉಂಟು. ರಕ್ತದ ಪಿಎಚ್ ಸುಮಾರು 7.4, ಅಂದರೆ ಅದು ಹುಳಿಯಲ್ಲ. ಅಲ್ಲಿ ಸಾಮಾನ್ಯ ಕೈಟೊಸಾನ್ ಕರಗುವುದೇ ಇಲ್ಲ. ಹಾಗಾಗಿ ಗಾಯದ ಪಟ್ಟಿ, ಲೇಪ, ಜೆಲ್‌ಗಳಂಥ ಮೈಮೇಲಿನ ಬಳಕೆಯತ್ತಲೇ ಸಂಶೋಧಕರ ಗಮನ ಹೆಚ್ಚು. ಯೀಸ್ಟ್ ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಿ; ಸಕ್ಕರೆ ಕಾಯಿಲೆಯೂ ಕಾರಣವಿರಬಹುದಾದ್ದರಿಂದ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.