ಬಾವಿಯಲ್ಲಿ ಕಲಿತ ಈಜು, ರಾಜ್ಯ ಕೂಟದ ಹಾದಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹಳ್ಳಿಗಳಲ್ಲಿ ಈಜು ಬಲ್ಲ ಮಕ್ಕಳಿಗೆ ಕೊರತೆಯಿಲ್ಲ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಹೊಲದ ಬಾವಿಗೆ ಇಳಿದವರು, ವರದಾ, ತುಂಗಭದ್ರಾ ದಂಡೆಯಲ್ಲಿ ಅಣ್ಣಂದಿರ ಹಿಂದೆ ಕಲಿತವರು ಬೇಕಾದಷ್ಟಿದ್ದಾರೆ. ಇವರಲ್ಲೊಬ್ಬ ಹೈಸ್ಕೂಲು ಹುಡುಗ ರಾಜ್ಯ ಮಟ್ಟದ ಕೂಟಕ್ಕೆ ಹೋಗುವುದು ಹೇಗೆ?

ಮೊದಲ ಮೆಟ್ಟಿಲು ಶಾಲೆಯ ಪಿ.ಟಿ. ಸರ್. ಶಿಕ್ಷಣ ಇಲಾಖೆಯ ಕ್ರೀಡಾಕೂಟಕ್ಕೆ ಹೆಸರು ಹೋಗುವುದು ಶಾಲೆಯ ಮೂಲಕವೇ. ಮುಖ್ಯೋಪಾಧ್ಯಾಯರ ಸಹಿ, ಮೊಹರು, ಜನ್ಮದಿನಾಂಕದ ದಾಖಲೆ ಬೇಕು. ಹೈಸ್ಕೂಲಿನವರು ಹೆಚ್ಚಾಗಿ ಬರುವುದು 17 ವರ್ಷದೊಳಗಿನ ವಿಭಾಗಕ್ಕೆ. ಕಬಡ್ಡಿ, ಕೊಕ್ಕೊದಂತೆ ಹೋಬಳಿಯಿಂದ ಗೆದ್ದು ಬರುವ ಪ್ರಮೇಯ ಈಜಿಗೆ ಕಡಿಮೆ. ಸ್ಪರ್ಧಿಗಳೇ ವಿರಳವಾದ್ದರಿಂದ ಸಾಮಾನ್ಯವಾಗಿ ಜಿಲ್ಲಾ ಮಟ್ಟದಲ್ಲೇ ಆಯ್ಕೆ ಶುರುವಾಗುತ್ತದೆ. ಅಲ್ಲಿ ಮುಂದೆ ಬಂದವರು ಬೆಳಗಾವಿ ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ. ರಾಜ್ಯ ಗೆದ್ದವರಿಗೆ 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ.

ನಮ್ಮ ಮಕ್ಕಳು ಎಡವುವುದು ವಿಭಾಗ ಮಟ್ಟದಲ್ಲಿ. ನಾಲ್ಕೈದು ಜನರ ನಡುವೆ ಜಿಲ್ಲೆಗೆ ಮೊದಲಿಗನಾದವನು ಅಲ್ಲಿ ಬೆಳಗಾವಿ ನಗರದ ಮಕ್ಕಳ ಪಕ್ಕ ನಿಲ್ಲಬೇಕು. ಜೆಎನ್‌ಎಂಸಿ ಆವರಣದ ಒಲಿಂಪಿಕ್ ಅಳತೆಯ ಕೊಳದಂಥ ಸೌಕರ್ಯ ಅವರ ಊರಲ್ಲೇ ಇದೆ. ತೋಳಿನ ಬಲದಲ್ಲಿ ನಮ್ಮವರೇನೂ ಕಡಿಮೆಯಲ್ಲ. ಸೋಲುವುದು ಗೋಡೆಯ ಹತ್ತಿರ. ಬಾವಿಯಲ್ಲಿ ತಿರುವು ಎಂಬುದೇ ಇಲ್ಲ. 25 ಮೀಟರ್ ಕೊಳದಲ್ಲಿ 100 ಮೀಟರ್ ಈಜಲು ಮೂರು ಸಲ ತಿರುಗಬೇಕು. ಪಳಗಿದವನು ನೀರೊಳಗೆ ಪಲ್ಟಿ ಹೊಡೆದು, ಎರಡೂ ಪಾದ ಗೋಡೆಗೆ ಊರಿ ಬಾಣದಂತೆ ಚಿಮ್ಮುತ್ತಾನೆ. ಹಳ್ಳಿಯ ಹುಡುಗ ಗೋಡೆ ಹಿಡಿದು, ತಲೆಯೆತ್ತಿ, ಉಸಿರೆಳೆದುಕೊಂಡು ಹೊರಡುತ್ತಾನೆ. ಅಷ್ಟರಲ್ಲಿ ಅಂತರ ಬಿದ್ದಿರುತ್ತದೆ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಎರಡೂ ಕೈ ಏಕಕಾಲಕ್ಕೆ ಗೋಡೆ ಮುಟ್ಟದಿದ್ದರೆ ಅನರ್ಹತೆ. ಶಿಳ್ಳೆ, ಸಂಕೇತ ಕೇಳಿ ನಿಲ್ಲುವ ಅಭ್ಯಾಸವಿಲ್ಲದವನು ಮೊದಲೇ ಜಿಗಿದುಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು.

ಕಾಲವೂ ಕೈಕೊಡುತ್ತದೆ. ಮಕ್ಕಳು ಮನಸಾರೆ ಈಜುವುದು ಬೇಸಿಗೆ ರಜೆಯಲ್ಲಿ. ಆಯ್ಕೆಯ ಓಡಾಟವೋ ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ. ಆಗ ನದಿಗಳಲ್ಲಿ ಕೆಂಪು ನೀರು, ಸೆಳೆತ. ಮಕ್ಕಳನ್ನು ಇಳಿಸುವ ಮಾತೇ ಇಲ್ಲ. ಜೂನ್‌ನಿಂದಾಚೆಗೆ ಕೊಳದ ಅಭ್ಯಾಸಕ್ಕೆ ದಾರಿ ಮಾಡಿಕೊಡದೆ ಅವರಿಂದ ಪದಕ ಕೇಳುವುದು ನ್ಯಾಯವಲ್ಲ.

ಇನ್ನೊಂದು ಹಾದಿ ಕರ್ನಾಟಕ ಈಜು ಸಂಸ್ಥೆಯದು. ಸಂಸ್ಥೆಗೆ ಸೇರಿದ ಕ್ಲಬ್ಬಿನ ಮೂಲಕ ನೋಂದಾಯಿಸಿಕೊಂಡು, ವಯೋಗುಂಪಿನ ರಾಜ್ಯ ಚಾಂಪಿಯನ್‌ಷಿಪ್‌ಗೆ ಹೋಗುವುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 14ನೇ ವಯಸ್ಸಿಗೇ ಈಜಿದ ಬೆಂಗಳೂರಿನ ಶಾಲಾ ಬಾಲಕಿ ಧಿನಿಧಿ ದೇಸಿಂಗು ಇಂಥ ಕೂಟಗಳಲ್ಲೇ ಬೆಳೆದವಳು. ಈ ಹಾದಿಯಲ್ಲಿ ನಡೆದವರಿಗೆ ತಮ್ಮ ವೇಗ ಸೆಕೆಂಡಿನ ನೂರನೇ ಒಂದಂಶದವರೆಗೂ ಬಾಯಿಪಾಠ. ಶಾಲಾ ಏಣಿಯಲ್ಲಿ ಸ್ಥಾನ ಸಿಕ್ಕರೆ ಸಾಕು, ಸಮಯ ಕೇಳುವವರಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಜಿಲ್ಲೆಯಲ್ಲಿ ಗೆದ್ದ ಮಗುವಿಗೆ ಪ್ರಮಾಣಪತ್ರದ ಜೊತೆ ತನ್ನ ಸಮಯವೂ, ಹಿಂದಿನ ವರ್ಷ ವಿಭಾಗದಲ್ಲಿ ಗೆದ್ದವರ ಸಮಯವೂ ಬರೆದು ಸಿಗಬೇಕು. ಎಷ್ಟು ಸೆಕೆಂಡು ತಗ್ಗಿಸಬೇಕೆಂದು ಗೊತ್ತಾದರೆ ಪಿ.ಟಿ. ಸರ್ ಒಂದು ಸ್ಟಾಪ್‌ವಾಚ್ ಹಿಡಿದು ದಂಡೆಯ ಮೇಲೆ ನಿಂತು ಬಹಳಷ್ಟು ಮಾಡಬಲ್ಲರು.

ಎಸ್ಸೆಸ್ಸೆಲ್ಸಿ ದಾಟಿದವರಿಗೂ ಬಾಗಿಲು ಮುಚ್ಚುವುದಿಲ್ಲ. ಪಿಯುಸಿ ವಿದ್ಯಾರ್ಥಿಗಳಿಗೆ ಪದವಿಪೂರ್ವ ಕಾಲೇಜುಗಳ ಕ್ರೀಡಾಕೂಟವಿದೆ. ಅಲ್ಲಿಯೂ ಜಿಲ್ಲೆ ಗೆದ್ದೇ ರಾಜ್ಯ ಮುಟ್ಟಬೇಕು.