ಸರ್ವರ್ ಎಫ್‌ಪಿಎಸ್ 1000 ಮಾಡಿದರೆ ಲ್ಯಾಗ್ ಮಾಯವಾಗುತ್ತದೆಯೇ?

"ಸರ್ವರ್ ಎಫ್‌ಪಿಎಸ್ ಹೆಚ್ಚಿಸುವ ಆ್ಯಪ್! ಹಾಕಿಕೊಂಡರೆ ಲ್ಯಾಗ್ ಮಾಯ! ಗೇಮ್ ಆಡುವ ಎಲ್ಲರಿಗೂ ಕಳಿಸಿ." ಮನೆಯಲ್ಲಿ ಗೇಮ್ ಆಡುವ ಮಕ್ಕಳಿದ್ದರೆ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು? ಲಿಂಕ್ ಒತ್ತುವ ಮುನ್ನ ಓದಿ.

ಎಫ್‌ಪಿಎಸ್ ಒಂದಲ್ಲ, ಎರಡು

ಫೋನಿನ ಎಫ್‌ಪಿಎಸ್ ಎಂದರೆ ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತವೆ ಎಂಬುದು. ಇದು ನಿಮ್ಮ ಫೋನಿನ ಚಿಪ್, ಪರದೆ ಮತ್ತು ಫೋನ್ ಎಷ್ಟು ಬಿಸಿಯಾಗಿದೆ ಎಂಬುದನ್ನು ಅವಲಂಬಿಸಿದೆ.

ಸರ್ವರ್ ಚಿತ್ರ ಬಿಡಿಸುವುದೇ ಇಲ್ಲ. ಅದು ಮಾಡುವುದು ಲೆಕ್ಕ ಮಾತ್ರ: ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ತಗುಲಿತು. ಈ ಲೆಕ್ಕವನ್ನು ಸೆಕೆಂಡಿಗೆ ಎಷ್ಟು ಸಲ ಮಾಡುತ್ತದೆ ಎಂಬುದೇ ಸರ್ವರ್ ಎಫ್‌ಪಿಎಸ್. ಈಗ ಹೆಚ್ಚಾಗಿ ಟಿಕ್‌ರೇಟ್ ಎಂಬ ಪದ ಬಳಕೆಯಲ್ಲಿದೆ.

1000ದ ಆಸೆ ಹುಟ್ಟಿದ್ದು ಎಲ್ಲಿ?

ಕೌಂಟರ್-ಸ್ಟ್ರೈಕ್ 1.6 ಗೇಮಿನ ಕಾಲದಲ್ಲಿ. ಅದರ ಡೆಡಿಕೇಟೆಡ್ ಸರ್ವರನ್ನು, ಅಂದರೆ ಆಟ ನಡೆಸುವುದಕ್ಕೆಂದೇ ಇರುವ ಪ್ರೋಗ್ರಾಮನ್ನು, ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ನಡೆಸಬಹುದಿತ್ತು. ವಿಂಡೋಸ್‌ನ ಒಳಗಡಿಯಾರ ಸಾಮಾನ್ಯವಾಗಿ 15.6 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತಿದ್ದ ಕಾರಣ ಸರ್ವರ್ ಎಫ್‌ಪಿಎಸ್ 64ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಪಕ್ಕದಲ್ಲಿ ವಿಂಡೋಸ್ ಮೀಡಿಯಾ ಪ್ಲೇಯರ್ ತೆರೆದಿಟ್ಟರೆ ಆ ಗಡಿಯಾರ ಚುರುಕಾಗಿ ಎಫ್‌ಪಿಎಸ್ ಒಮ್ಮೆಲೇ ಏರುತ್ತಿತ್ತು! ಲಿನಕ್ಸ್ ಬಳಸುವವರು ಕರ್ನಲ್‌ನ ಟೈಮರನ್ನು 1000 ಹರ್ಟ್ಜ್‌ಗೆ ಏರಿಸಿ, ಸರ್ವರಿನ 'ಸಿಸ್_ಟಿಕ್‌ರೇಟ್' ಮೌಲ್ಯವನ್ನು 100ರಿಂದ 1000ಕ್ಕೆ ಬದಲಿಸುತ್ತಿದ್ದರು. '1000 ಎಫ್‌ಪಿಎಸ್ ಸರ್ವರ್'ಗಳು ಹೆಚ್ಚು ಬಾಡಿಗೆಗೆ ಹೋಗುತ್ತಿದ್ದವು.

ಲಾಭವೆಷ್ಟು?

ಬಸ್ಸಿನ ಉದಾಹರಣೆ ನೋಡೋಣ. 10 ನಿಮಿಷಕ್ಕೊಂದು ಬಸ್ ಇದ್ದರೆ ಸರಾಸರಿ 5 ನಿಮಿಷ ಕಾಯುತ್ತೀರಿ. ನಿಮಿಷಕ್ಕೊಂದು ಬಸ್ ಬಂದರೆ ಅರ್ಧ ನಿಮಿಷ ಸಾಕು. ಆದರೆ ಹತ್ತಿದ ಮೇಲಿನ ಪ್ರಯಾಣದ ಸಮಯ ಕಡಿಮೆಯಾಗುವುದಿಲ್ಲ.

ಸರ್ವರಿನಲ್ಲೂ ಹೀಗೆಯೇ. 100 ಎಫ್‌ಪಿಎಸ್ ಇದ್ದರೆ ನಿಮ್ಮ ಗುಂಡಿನ ಸುದ್ದಿ ಲೆಕ್ಕಕ್ಕೆ ಸೇರಲು ಸರಾಸರಿ 5 ಮಿಲಿಸೆಕೆಂಡ್ ಕಾಯುತ್ತದೆ, 1000 ಇದ್ದರೆ ಅರ್ಧ ಮಿಲಿಸೆಕೆಂಡ್. ಉಳಿತಾಯ 4.5 ಮಿಲಿಸೆಕೆಂಡ್.

ಈಗ ಪ್ರಯಾಣದ ಸಮಯ ನೋಡಿ. ಬೆಂಗಳೂರಿನಿಂದ ಸಿಂಗಾಪುರ ಸುಮಾರು 3,200 ಕಿ.ಮೀ. ಫೈಬರ್ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ನೇರ ಕೇಬಲ್ ಇದ್ದರೂ ಹೋಗಿ ಬರಲು 32 ಮಿಲಿಸೆಕೆಂಡ್ ಬೇಕೇ ಬೇಕು. ಇದನ್ನು ಯಾವ ಟ್ಯೂನಿಂಗ್ ಕೂಡ ಕಡಿಮೆ ಮಾಡಲಾರದು. ಮನೆಯ ವೈಫೈ ದುರ್ಬಲವಾಗಿದ್ದರಂತೂ ಇನ್ನೂ ಹೆಚ್ಚು ತಡವಾಗುತ್ತದೆ.

ನಿಜವಾಗಿ ಕೆಲಸ ಮಾಡುವ ಟ್ಯೂನಿಂಗ್

ನೀವೇ ಸರ್ವರ್ ನಡೆಸುವವರಾದರೆ ದೊಡ್ಡ ಸಂಖ್ಯೆಗಿಂತ ಸ್ಥಿರತೆ ಮುಖ್ಯ. 1000ದಿಂದ ಆಗಾಗ 60ಕ್ಕೆ ಕುಸಿಯುವ ಸರ್ವರಿಗಿಂತ ಸದಾ 100ರಲ್ಲಿರುವ ಸರ್ವರ್ ಮೇಲು.

• ಇಂಥ ಹಳೆಯ ಗೇಮ್ ಸರ್ವರ್‌ಗಳ ಕೆಲಸ ಬಹುತೇಕ ಒಂದೇ ಕೋರ್ ಮೇಲೆ ಬೀಳುತ್ತದೆ. ಹೆಚ್ಚು ಕೋರ್‌ಗಳಿಗಿಂತ ವೇಗದ ಕೋರ್ ಆರಿಸಿ.
• ಒಂದೇ ಯಂತ್ರದಲ್ಲಿ ಹಲವು ಸರ್ವರ್ ತುರುಕಬೇಡಿ.
• ಪ್ರೊಸೆಸರ್‌ನ ವಿದ್ಯುತ್ ಉಳಿಸುವ ಸೆಟ್ಟಿಂಗ್ ಆಫ್ ಮಾಡಿ.
• ಬೇಡದ ಪ್ಲಗಿನ್ ತೆಗೆಯಿರಿ.
• ಆಟಗಾರರಿಗೆ ಹತ್ತಿರದ ಊರಿನಲ್ಲಿ ಸರ್ವರ್ ಇಡಿ.

ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್‌ಗಳಲ್ಲೇ ನಡೆಯುತ್ತದೆ. ಪ್ರತಿ ಟಿಕ್‌ನ ಕೆಲಸ 50 ಮಿಲಿಸೆಕೆಂಡ್ ಒಳಗೆ ಮುಗಿದರೆ ಆಟ ಸರಾಗ. 2020ರಲ್ಲಿ ಬಂದ ವ್ಯಾಲೊರಂಟ್ 128 ಟಿಕ್ ಬಳಸುತ್ತದೆ. ಹೆಸರಾಂತ ಗೇಮ್ ಕಂಪನಿಗಳೇ 1000ದ ಬೆನ್ನು ಹತ್ತಿಲ್ಲ.

ಹಾಗಾದರೆ ಆ ಆ್ಯಪ್?

ಮೊಬೈಲ್ ಗೇಮ್‌ಗಳ ಅಧಿಕೃತ ಸರ್ವರ್ ಇರುವುದು ಕಂಪನಿಯ ಡೇಟಾ ಸೆಂಟರಿನಲ್ಲಿ. ನಿಮ್ಮ ಫೋನಿನಲ್ಲಿ ಕೂತ ಆ್ಯಪ್ ಅದರ ಎಫ್‌ಪಿಎಸ್ ಬದಲಿಸಲು ಸಾಧ್ಯವೇ ಇಲ್ಲ. ಗೇಮಿನ ಫೈಲ್ ತಿದ್ದುವ ಆ್ಯಪ್ ಬಳಸಿದರೆ ಖಾತೆ ಬ್ಯಾನ್ ಆಗಬಹುದು. ಪ್ಲೇ ಸ್ಟೋರ್‌ನ ಹೊರಗಿನಿಂದ ಹಾಕಿಕೊಂಡ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳಿದರಂತೂ ಎಚ್ಚರ: ನಿಮ್ಮ ಬ್ಯಾಂಕಿನ ಓಟಿಪಿ ಬರುವುದೂ ಅಲ್ಲಿಗೇ. ಮಕ್ಕಳು ಆಡುವುದು ಅಪ್ಪ ಅಮ್ಮನ ಫೋನಿನಲ್ಲಾದರೆ ಅದೇ ಫೋನಿನಲ್ಲಿ ಯುಪಿಐ ಕೂಡ ಇರುತ್ತದೆ.

ನಮ್ಮ ತೀರ್ಮಾನ: ಸರ್ವರ್ ಎಫ್‌ಪಿಎಸ್ ಎಂಬುದು ನಿಜ, ಅದನ್ನು ಹೆಚ್ಚಿಸುವ ದಾರಿಗಳೂ ನಿಜ. ಆದರೆ ಅದು ಸರ್ವರ್ ನಡೆಸುವವರ ಕೈಯಲ್ಲಿದೆ, ಲಾಭವೂ ಕೆಲವೇ ಮಿಲಿಸೆಕೆಂಡ್. ಫೋನಿನ ಆ್ಯಪ್‌ನಿಂದ ಆಗುತ್ತದೆ ಎಂಬುದು ಸುಳ್ಳು. ಲ್ಯಾಗ್ ಕಾಡುತ್ತಿದ್ದರೆ ರೂಟರ್ ಹತ್ತಿರ ಕೂತು ಆಡಿ, ಹಿನ್ನೆಲೆಯ ಡೌನ್‌ಲೋಡ್ ನಿಲ್ಲಿಸಿ, ಗೇಮಿನಲ್ಲಿ ಹತ್ತಿರದ ಸರ್ವರ್ ಆರಿಸಿ. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.