ಅನ್ನದಲ್ಲಿ ಕಡ್ಡಿ ನೆಡಬಾರದೇಕೆ?

ತುಮಕೂರು ರಸ್ತೆಯಲ್ಲಿ ಮಾದನಾಯಕನಹಳ್ಳಿಗೆ ಹತ್ತಿರವಿರುವ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಮೇಳ ನಡೆದಾಗ ಜಪಾನಿನ ತಯಾರಕರೂ ಬರುತ್ತಾರೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ ಬಿಡದಿಯಲ್ಲಿ ನೆಲೆಯೂರಿದ ಮೇಲಂತೂ ಬೆಂಗಳೂರಿನ ಸುತ್ತಲಿನವರಿಗೆ ಜಪಾನೀಯರ ಒಡನಾಟ ಹೊಸದಲ್ಲ. ವ್ಯವಹಾರದ ಮಾತು ಮುಗಿದು ಊಟದ ಕರೆ ಬಂದಾಗ ಮಾತ್ರ, ಲೇತು ಯಂತ್ರದ ಮುಂದೆ ಅಳುಕದ ಕೈ ಎರಡು ಕಡ್ಡಿಗಳ ಮುಂದೆ ಅಳುಕುತ್ತದೆ. ಬಾಳೆಲೆಯ ಪಂಕ್ತಿಯಲ್ಲಿ ಉಂಡು ಬೆಳೆದವರು ಅಷ್ಟು ಹೆದರಬೇಕಾಗಿಲ್ಲ.

ಸಾಂಪ್ರದಾಯಿಕ ಜಪಾನಿ ಭೋಜನಗೃಹದಲ್ಲಿ ಚಪ್ಪಲಿ ಹೊರಗೇ ಬಿಡಬೇಕು. ಹೊಸ್ತಿಲನ್ನು ತುಳಿಯಬಾರದು, ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇದನ್ನೇ. ಒಳಗೆ ಹಾಸಿದ ತತಾಮಿ ಚಾಪೆಯ ಅಂಚಿನ ಮೇಲೂ ಕಾಲಿಡಬಾರದು. ಬಾಗಿಲಿಗೆ ದೂರವಾದ, ಚಿತ್ರಪಟ ತೂಗುಹಾಕಿದ ಗೂಡಿನ ಮುಂದಿನ ಜಾಗ ಮುಖ್ಯ ಅತಿಥಿಯದು. ಆದ್ದರಿಂದ ತೋರಿಸಿದಲ್ಲಿ ಕೂರುವುದೇ ಲೇಸು. ಮೊದಲು ಕೊಡುವ ಒದ್ದೆ ಬಟ್ಟೆ ಕೈ ಒರೆಸಿಕೊಳ್ಳಲು, ಮುಖಕ್ಕಲ್ಲ.

ಬಾಳೆಲೆಯ ತುದಿ ಉಣ್ಣುವವನ ಎಡಕ್ಕಿರುವಂತೆ ಅಲ್ಲಿ ಕಡ್ಡಿಗಳ ತುದಿಯೂ ಎಡಕ್ಕಿರುತ್ತದೆ. ಅನ್ನದ ಬಟ್ಟಲು ಎಡಕ್ಕೆ, ಸಾರಿನದು ಬಲಕ್ಕೆ. ಬಟ್ಟಲನ್ನು ಕೈಗೆತ್ತಿಕೊಂಡು ಉಣ್ಣುವುದು, ಸಾರನ್ನು ಬಟ್ಟಲಿನಿಂದಲೇ ಹೀರುವುದು ಅಲ್ಲಿಯ ಕ್ರಮ. ಶಾವಿಗೆಯಂಥ ಸೋಬಾವನ್ನು ಸೊರ್ರೆಂದು ಎಳೆದುಕೊಂಡರೂ ತಪ್ಪಲ್ಲ. ಉಣ್ಣುವ ಮೊದಲು ‘ಇತಾದಕಿಮಾಸು’ ಎನ್ನುತ್ತಾರೆ, ವಿನಯದಿಂದ ಸ್ವೀಕರಿಸುತ್ತೇನೆ ಎಂದರ್ಥ. ಉಂಡ ಮೇಲೆ ‘ಗೋಚಿಸೋಸಾಮಾ’. ಅತಿಥಿಗಾಗಿ ಓಡಾಡಿ ಊಟ ಅಣಿಮಾಡಿದವರ ಶ್ರಮದ ನೆನಪು ಆ ಮಾತಿನಲ್ಲಿದೆ.

ಇವುಗಳಲ್ಲಿ ಎಡವಿದರೆ ನಕ್ಕು ಸುಮ್ಮನಾಗುತ್ತಾರೆ. ಆದರೆ ಎರಡು ತಪ್ಪುಗಳು ಮನಸ್ಸಿಗೆ ಚುಚ್ಚುತ್ತವೆ. ಒಂದು, ಅನ್ನದಲ್ಲಿ ಕಡ್ಡಿಗಳನ್ನು ನೆಟ್ಟಗೆ ಊರುವುದು. ಸತ್ತವರ ತಲೆದೆಸೆಯಲ್ಲಿ ಎಡೆಯಿಡುವಾಗ ಹಾಗೆ ಊರುತ್ತಾರೆ. ಇನ್ನೊಂದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸುವುದು. ದಹನದ ನಂತರ ಬಂಧುಗಳು ಕಡ್ಡಿಗಳಿಂದಲೇ ಅಸ್ಥಿಯನ್ನು ಆರಿಸಿ ಪಾತ್ರೆಗೆ ಹಾಕುತ್ತಾರೆ. ಅದನ್ನು ಹೀಗೆ ಕೈದಾಟಿಸುವುದೂ ಉಂಟು.

ಎಳ್ಳನ್ನು ಕೈಯಿಂದ ಕೈಗೆ ಕೊಡಬಾರದೆಂದು ನಮ್ಮಲ್ಲಿ ಹೇಳುವುದು ನೆನಪಾಗದಿರದು. ತರ್ಪಣಕ್ಕೆ ಬೇಕಾದ ವಸ್ತು ಅದು. ಸಾವಿನ ಮನೆಯ ಸನ್ನೆ ಊಟದ ಮನೆಗೆ ಬರಬಾರದೆಂಬ ಎಚ್ಚರ ಎರಡೂ ಕಡೆ ಒಂದೇ. ಕಾರಣ ತಿಳಿದವನಿಗೆ ಆ ನಿಯಮವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅಡ್ಡವಾಗಿಟ್ಟ ಪುಟ್ಟ ಆಸರೆಯ ಮೇಲೆ ಕಡ್ಡಿಗಳನ್ನು ಒರಗಿಸಿದರಾಯಿತು. ತಿನಿಸನ್ನು ತಟ್ಟೆಯಲ್ಲಿಟ್ಟು ಕೊಟ್ಟರಾಯಿತು.

ಸಸ್ಯಾಹಾರಿಗಳು ಇನ್ನೊಂದು ಸಂಗತಿ ಗಮನಿಸಬೇಕು. ತರಕಾರಿಯ ಅಡುಗೆಗೂ ಬಳಸುವ ‘ದಾಶಿ’ ಎಂಬ ತಿಳಿರಸದಲ್ಲಿ ಸಾಮಾನ್ಯವಾಗಿ ಒಣಮೀನಿನ ಸಾರವಿರುತ್ತದೆ. ಬೌದ್ಧ ಮಂದಿರಗಳ ‘ಶೋಜಿನ್’ ಅಡುಗೆಯಲ್ಲಿ ಮೀನಿಲ್ಲ, ಕಡಲಕಳೆಯ ರಸವಿರುತ್ತದೆ. ಏನು ತಿನ್ನುವುದಿಲ್ಲವೆಂದು ಕರೆ ಬಂದಾಗಲೇ ತಿಳಿಸುವುದು ಮರ್ಯಾದೆ. ಬಡಿಸಿದ್ದನ್ನು ಮುಟ್ಟದೆ ಬಿಟ್ಟೇಳುವುದು ಅಲ್ಲಿಯೂ ನಮ್ಮ ಪಂಕ್ತಿಯಲ್ಲಿಯೂ ಉಣಬಡಿಸಿದವರನ್ನು ನೋಯಿಸುತ್ತದೆ. ಕಡ್ಡಿ ಹಿಡಿಯಲು ಬಾರದಿದ್ದರೆ ಚಮಚ ಕೇಳಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.